ಗಿರಿಜಾದೇವಿ ತೊಳೆದ ಫೋಟೊ

ವಿಜಯನಗರದ ಆ ಸಣ್ಣ ಸ್ಟುಡಿಯೊದಲ್ಲಿ ಫೋಟೊ ತೆಗೆಯುವವನು ಸಿದ್ದಬಸಪ್ಪ, ತೊಳೆಯುವವಳು ಅವನ ಹೆಂಡತಿ ಗಿರಿಜಾದೇವಿ. ಮೊದಲು ಎರಡೂ ಅವನದೇ ಕೆಲಸವಾಗಿತ್ತು. ಆದರೆ ಚಿತ್ರ ಮೂಡಿಸುವ ಡೆವಲಪರ್ ನೀರು ಅವನ ಮೈಗೆ ಒಗ್ಗಲಿಲ್ಲ. ಬೆರಳ ಸಂದಿಯಲ್ಲಿ ತುರಿಕೆ ಎದ್ದು, ಚರ್ಮ ಬಿರಿದು, ಊಟಕ್ಕೆ ಕುಳಿತರೆ ಸಾರಿನ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಗಿರಿಜಾದೇವಿ ಕೆಲವು ದಿನ ತಟ್ಟೆಗೆ ಚಮಚ ಇಟ್ಟು ಕೊಟ್ಟಳು. ಆಮೇಲೆ ಒಂದು ದಿನ ಅವನನ್ನು ಕೇಳದೆಯೇ ಡಾರ್ಕ್‌ರೂಮಿಗೆ ಹೋಗಿ ಸೆರಗು ಸಿಕ್ಕಿಸಿ ನಿಂತಳು. ದಾವಣಗೆರೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಆ ಕೋಣೆಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು, ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಕೆಂಪು ದೀಪದಡಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತ ಕೆಲಸ ಮಾಡುತ್ತಿದ್ದಳು.

ಒಂದು ಬೆಳಗ್ಗೆ ಬ್ಯಾಡರಹಳ್ಳಿಯಿಂದ ಅಂಜಮ್ಮ ಬಂದಳು. ಕೈಯಲ್ಲಿ ಈ ಸ್ಟುಡಿಯೊದ್ದೇ ಹಳೆಯ ಫೋಟೊ. ಹೊಸ ಮನೆಯ ಗೃಹಪ್ರವೇಶದ ದಿನ, ಮಟಮಟ ಮಧ್ಯಾಹ್ನ, ಅವಳ ಗಂಡ ಚಿಕ್ಕಹನುಮಯ್ಯನನ್ನು ಸುಣ್ಣ ಹೊಡೆದ ಗೋಡೆಯ ಮುಂದೆ ನಿಲ್ಲಿಸಿ ಸಿದ್ದಬಸಪ್ಪ ತೆಗೆದದ್ದು. ಗೋಡೆ, ಪೇಟ, ಪಂಚೆ ಎಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಪೇಟದ ನೆರಳಿನಲ್ಲಿದ್ದ ಮುಖ ಮಾತ್ರ ಬರೀ ಮಸಿ. ಆಗ ಯಾರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ, ಮುಖ ನೋಡಬೇಕೆಂದರೆ ಮನುಷ್ಯನೇ ಎದುರಿಗಿದ್ದ. ಈಗ ಅವನು ತೀರಿಕೊಂಡು ತಿಂಗಳಾಗಿತ್ತು. ಬೇರೆ ಫೋಟೊ ಇರಲಿಲ್ಲ. ಇದನ್ನೇ ಮುಖ ಕಾಣುವ ಹಾಗೆ ದೊಡ್ಡದು ಮಾಡಿಕೊಡಿ ಎಂದು ಅಂಜಮ್ಮ ಕೇಳಿದಳು.

ಸಿದ್ದಬಸಪ್ಪ ನೆಗೆಟಿವ್ ಹುಡುಕಿ ಕಿಟಕಿಗೆ ಹಿಡಿದು ತಲೆ ಅಲ್ಲಾಡಿಸಿದ. ಗಿರಿಜಾದೇವಿ ಅದನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಮುಖದ ಜಾಗದಲ್ಲಿ ಮಸುಕು ಮಸುಕಾಗಿ ಏನೋ ಇತ್ತು. ಸಂಜೆ ಬನ್ನಿ ಎಂದಳು. ಅಂಜಮ್ಮ ಎಲ್ಲಿಗೂ ಹೋಗದೆ ಬೆಂಚಿನ ಮೇಲೆ ಕುಳಿತಳು.

ಗಿರಿಜಾದೇವಿ ಮೊದಲು ಕಪ್ಪು ಬಿಳುಪಿನ ಅಂತರ ತಗ್ಗಿಸುವ ಸಾಫ್ಟ್ ಪೇಪರ್ ಹಾಕಿದಳು. ಕಣ್ಣು, ಮೂಗು ಕಂಡವು. ಅಂಜಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಬೂದಿ ಬಳ್ದಂಗದೆ ಕಣಕ್ಕ. ನಮ್ಮೋರು ಕಪ್ಪಗೇ ಇದ್ರು, ಆದ್ರೆ ಮಿಂಚೋರು."

ಆ ಮಾತು ಸರಿಯೆಂದು ಗಿರಿಜಾದೇವಿಗೂ ಅನ್ನಿಸಿತು. ಕಪ್ಪು ಬಿಳುಪು ಎರಡನ್ನೂ ಎತ್ತಿ ತೋರಿಸುವ ಹಾರ್ಡ್ ಪೇಪರ್ ಹಾಕಿದರೆ ಮಿಂಚು ಬರುತ್ತದೆ. ಆದರೆ ಮುಖ ಮತ್ತೆ ಮಸಿಯಲ್ಲಿ ಮುಳುಗುತ್ತದೆ. ಹಳೆಯ ಲಗ್ನಪತ್ರಿಕೆಯೊಂದರಿಂದ ಮುಖದಗಲದ ಬಿಲ್ಲೆ ಕತ್ತರಿಸಿ ತಂತಿಗೆ ಸಿಕ್ಕಿಸಿದಳು. ಅಂಜಮ್ಮನನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಬೆಳಕು ಬಿದ್ದಷ್ಟೂ ಪೇಪರ್ ಕಪ್ಪಾಗುತ್ತದೆ, ಅದಕ್ಕೇ ಬೆಳಕು ಬೀಳುವಾಗ ಮುಖದ ಮೇಲೆ ಬಿಲ್ಲೆಯ ನೆರಳು ಹಿಡಿದು, ಅಂಚಿನಲ್ಲಿ ಗೆರೆ ಬೀಳದಂತೆ ಅಲುಗಿಸುತ್ತಲೇ ಇದ್ದಳು. ಆಮೇಲೆ ಅಂಗೈಯಿಂದ ಮುಖವನ್ನು ಪೂರ್ತಿ ಮರೆಮಾಡಿ ಗೋಡೆಗೂ ಪೇಟಕ್ಕೂ ಇನ್ನಷ್ಟು ಬೆಳಕು ಕೊಟ್ಟಳು. ಒಂದು ಪೇಪರಿನಲ್ಲಿ ಮುಖ ಸುಣ್ಣದ ತೇಪೆಯಾಯಿತು. ಇನ್ನೊಂದರಲ್ಲಿ ಗೋಡೆ ಕೆಸರಿನ ಬಣ್ಣಕ್ಕೆ ತಿರುಗಿತು. ಅವನ್ನು ಪಕ್ಕಕ್ಕೆಸೆದು ಮತ್ತೆ ಶುರುಮಾಡಿದಳು.

ಈ ಸಲ ಟ್ರೇಯ ನೀರಿನಲ್ಲಿ ಪೇಟದ ಮಡಿಕೆ ಮೂಡಿತು, ಹುಬ್ಬು ಮೂಡಿತು, ಕಣ್ಣು ತೆರೆಯಿತು. ಅಂಜಮ್ಮ ಹತ್ತಿರ ಬಗ್ಗಿದಳು.

"ಸಾಕು, ಎತ್ಬುಡಕ್ಕ, ಕಪ್ಪಾಗೋಯ್ತದೆ."

"ತಡೀರಿ," ಎಂದು ಗಿರಿಜಾದೇವಿ ಅವಳ ಮಣಿಕಟ್ಟು ಹಿಡಿದುಕೊಂಡಳು. "ಈಗ ಎತ್ತಿದ್ರೆ ಮತ್ತೆ ಬೂದಿನೇ."

ಇಬ್ಬರೂ ಕಾದರು. ಕಪ್ಪು ಗಟ್ಟಿಯಾಗುತ್ತ ಬಂತು, ಆ ಕಪ್ಪಿನಲ್ಲೇ ಕೆನ್ನೆಗೆ ಎಣ್ಣೆ ಹಚ್ಚಿದಂಥ ಹೊಳಪೂ ಬಂತು. ಎತ್ತಿ, ಚಿತ್ರ ಇನ್ನು ಕಪ್ಪಾಗದಂತೆ ನಿಲ್ಲಿಸುವ ಹೈಪೊದಲ್ಲಿ ಅದ್ದಿ, ತೊಳೆದು, ದೀಪ ಹಾಕಿದಾಗ ಚಿಕ್ಕಹನುಮಯ್ಯನ ಎಡಗೆನ್ನೆ ಉಬ್ಬಿಕೊಂಡಿರುವುದು ಕಾಣಿಸಿತು. ಅಂಜಮ್ಮ ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದು ಗಿರಿಜಾದೇವಿ ಭುಜ ಮುಟ್ಟಿದರೆ, ಅವಳು ನಗುತ್ತಿದ್ದಳು.

"ಎಲೆಅಡಿಕೆ ಉಗ್ದು ನಿಂತ್ಕೊಳಿ ಅಂದಿದ್ದೆ. ಉಗ್ದಿದೀನಿ ಅಂದ್ರು ಕಣಕ್ಕ. ನೋಡು, ಬಾಯಲ್ಲೇ ಮಡೀಕಂಡವ್ರೆ."

ಇಷ್ಟು ದಿನ ನೆರಳಿನಲ್ಲಿ ಅಡಗಿದ್ದ ಸುಳ್ಳಿಗೆ ಗಿರಿಜಾದೇವಿಗೂ ನಗು ತಡೆಯಲಾಗಲಿಲ್ಲ. ಸದ್ದು ಕೇಳಿ ಬಂದ ಸಿದ್ದಬಸಪ್ಪ, ಬೇಕಾದರೆ ಆ ಉಬ್ಬನ್ನು ಬ್ರಷ್‌ನಿಂದ ತಿದ್ದಿ ಸರಿಮಾಡುತ್ತೇನೆ ಎಂದ. ಅಂಜಮ್ಮ ಫೋಟೊವನ್ನು ತನ್ನತ್ತ ಎಳೆದುಕೊಂಡಳು. ಏನೂ ಮುಟ್ಟಬೇಡಿ, ಇವರು ಹೀಗೇ ಇದ್ದರು ಎಂದಳು.

ಫೋಟೊ ಒಣಗುವ ತನಕ ಮೂವರೂ ಕುಳಿತು ಕಾಫಿ ಕುಡಿದರು. ಗಂಡ ಹೇಳಿದ ಇನ್ನಷ್ಟು ಇಂಥವೇ ಸುಳ್ಳುಗಳನ್ನು ಅಂಜಮ್ಮ ಒಂದೊಂದಾಗಿ ಹೇಳಿದಳು. ಬಸ್ಸಿಗೆ ಹೊತ್ತಾಗುತ್ತದೆಂದು ಸಿದ್ದಬಸಪ್ಪ ನೆನಪಿಸಿದರೂ ಅವಳಿಗೆ ಏಳುವ ಮನಸ್ಸಾಗಲಿಲ್ಲ. ಗಿರಿಜಾದೇವಿಗೂ ಅವಳನ್ನು ಕಳಿಸುವ ಆತುರವಿರಲಿಲ್ಲ.