ಏಳು ಮನೆಗಳ ಸರದಿ

ಕತಾರಿನ ಮೆಸಯೀದ್‌ನಲ್ಲಿರುವ ನಮ್ಮ ಆಫೀಸಿನ ಮೇಲಧಿಕಾರಿ ಐರ್ಲೆಂಡಿನವರು. ನಿಮ್ಮ ಊರು ಹೇಗಿದೆ ಎಂದು ಅವರನ್ನು ಕೇಳಿದಿರೋ, ಕಂಪೆನಿ ಬಸ್ಸು ದೋಹಾ ಮುಟ್ಟುವವರೆಗೂ ನಿಮ್ಮನ್ನು ಬಿಡುವುದಿಲ್ಲ. ಊರೆಂದರೆ ಏಳೇ ಮನೆ. ಅಂಗಡಿಯಿಲ್ಲ, ಶಾಲೆಯಿಲ್ಲ, ಹೆಸರಿನ ಹಲಗೆಯೂ ಇಲ್ಲ. ಆದರೂ ಊರು ಎಲ್ಲಿ ಮುಗಿಯುತ್ತದೆಂದು ಮಕ್ಕಳಿಗೂ ಗೊತ್ತು: ಈ ಕಡೆ ನೀರು ಹರಿಯುವ ತೋಡು, ಆ ಕಡೆ ಕಲ್ಲಿನ ಗೋಡೆ. ಬಹಳ ಹಿಂದೆ ಆಲೂಗಡ್ಡೆ ನೆಲದಲ್ಲೇ ಕೊಳೆತು ಕ್ಷಾಮ ಬಂದಾಗ ಎಷ್ಟೋ ಜನ ಸತ್ತರು, ಉಳಿದವರಲ್ಲಿ ಹೆಚ್ಚಿನವರು ಹಡಗು ಹತ್ತಿದರು. ಅವರು ಉಳುತ್ತಿದ್ದ ಹೊಲಗಳನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರಂತೆ. ಇದನ್ನು ಕೇಳಿದ ದಿನ ನನಗೆ ಮೈ ಜುಮ್ಮೆಂದಿತ್ತು.

ಆ ಊರಿನ ದೊಡ್ಡ ಕಟ್ಟಳೆ ಮನೆಯ ಬಲಿಪೂಜೆ, ಅಂದರೆ ಚರ್ಚಿನಲ್ಲಿ ನಡೆಯುವ ಪೂಜೆ ಮನೆಯೊಳಗೇ. ವರ್ಷಕ್ಕೊಮ್ಮೆ ಪಾದ್ರಿಗಳು ಒಂದು ಮನೆಗೆ ಬರುತ್ತಾರೆ. ಅಡುಗೆಮನೆಯ ಮೇಜೇ ಬಲಿಪೀಠ, ಪೂಜೆ ಮುಗಿದ ಮೇಲೆ ಊರಿಗೆಲ್ಲ ಊಟ. ಈ ವರ್ಷದ ಸರದಿ ನಮ್ಮ ಸಾಹೇಬರ ಮನೆಯದು, ಆ ಮನೆಗೋ ಬೀಗ ಬಿದ್ದಿದೆ. ಒಮ್ಮೆ ಸರದಿ ತಪ್ಪಿದರೆ ಆ ಮನೆ ಊರಿನ ಲೆಕ್ಕಕ್ಕೇ ಇಲ್ಲ. ಇದೇ ಚಿಂತೆಯಲ್ಲಿ ಮನುಷ್ಯ ಸೊರಗಿಹೋಗಿದ್ದರು.

"ಕೀಲಿಕೈ ಪಕ್ಕದ ಮನೆಯಲ್ಲಿ ಉಂಟಲ್ಲ, ಅವರಿಗೇ ಹೇಳಿ ಮಾರಾಯ್ರೇ" ಎಂದೆ.

"ಹಾಗೆಲ್ಲ ಕೇಳಲಿಕ್ಕಾಗುವುದಿಲ್ಲ" ಎಂದರು.

ಅವರ ಊರಿನಲ್ಲಿ ನೇರವಾಗಿ ಕೇಳುವುದು ಮರ್ಯಾದೆಯಲ್ಲ. ಮಳೆ, ದನಕರು ಎಂದು ಸುತ್ತಿ ಬಳಸಿ ಮಾತಾಡುತ್ತಿರಬೇಕು, ಎದುರಿನವರೇ ತಿಳಿದುಕೊಳ್ಳಬೇಕು. ಉಡುಪಿ ಕಡೆಯ ನಮ್ಮ ವಾಳೆಯಲ್ಲೂ, ಅಂದರೆ ಒಂದೇ ಇಗರ್ಜಿಗೆ ಸೇರಿದ ನೆರೆಹೊರೆಯಲ್ಲೂ, ಮನೆಮನೆಗೆ ಪ್ರಾರ್ಥನೆಯ ಸರದಿ ಇದೆ. ಆದರೆ ಅಲ್ಲಿ ಯಾರ ಮನೆಗೆ ಬೀಗ ಬಿದ್ದರೂ ನೆರೆಯವರಿಗೆ ಕೂಗಿ ಹೇಳಿದರೆ ಖಲಾಸ್, ಕೆಲಸ ಆಯಿತು. ಈ ನಾಜೂಕೆಲ್ಲ ನನಗೆ ತಿಳಿಯದು.

ಇಲ್ಲಿ ವಾರದ ರಜೆ ಶುಕ್ರವಾರ; ಅವತ್ತು ಇಗರ್ಜಿಯ ಪೂಜೆ ಮುಗಿಸಿ ಸಾಹೇಬರು ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದರು. ತಟ್ಟೆಯ ಮುಂದೆ ಕುಳಿತೇ ಊರಿನ ಪಕ್ಕದ ಮನೆಯ ಹೆಂಗಸಿಗೆ ವಿಡಿಯೋ ಕಾಲ್ ಮಾಡಿದರು. ಮಳೆಯ ಮಾತಾಯಿತು. ಕರು ಹಾಕಿದ ದನದ ಮಾತಾಯಿತು. ಮತ್ತೆ ಮಳೆ. ನನ್ನ ಅಂಜಲ್ ಮೀನಿನ ಸಾರು ತಣ್ಣಗಾಯಿತು, ತಲೆ ಬಿಸಿಯಾಯಿತು. ಅವರ ಭುಜದ ಪಕ್ಕದಿಂದ ಮುಖ ತೂರಿಸಿಯೇಬಿಟ್ಟೆ.

"ಅಮ್ಮಾ, ನಾನು ಇವರ ಆಫೀಸಿನವಳು. ಪೂಜೆಗೆ ಇವರ ಮನೆ ಬಾಗಿಲು ತೆಗೀತೀರಾ ಇಲ್ವಾ, ಅಷ್ಟು ಹೇಳಿ. ಇವರಿಗೆ ಅನ್ನವೇ ಸೇರುದಿಲ್ಲ."

ಸಾಹೇಬರು ಬೇಯಿಸಿದ ಏಡಿಯ ಹಾಗೆ ಕೆಂಪಾದರು. ಕೆಲಸ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಆ ಹೆಂಗಸು ಫೋನು ಹಿಡಿದುಕೊಂಡೇ ಅಂಗಳ ದಾಟಿ ನಡೆಯತೊಡಗಿದರು. ಬೇಲಿ, ಕೆಸರು, ಕೊನೆಗೊಂದು ಮನೆ. ಗೋಡೆಗೆ ಹೊಸ ಸುಣ್ಣ, ಕಿಟಕಿಗಳೆಲ್ಲ ತೆರೆದಿವೆ, ಚಿಮಣಿಯಲ್ಲಿ ಹೊಗೆ. ಅದು ಇವರದೇ ಮನೆ. ನನಗೆ ಕುಣಿಯುವ ಹಾಗಾಯಿತು.

"ಥಂಡಿ ಬಿಡಲಿ ಅಂತ ವಾರದಿಂದ ಒಳಗೆ ಬೆಂಕಿ ಹಾಕ್ತಿದ್ದೇವೆ" ಎಂದರು ಆಕೆ. "ಆದರೆ ಪಾದ್ರಿಗಳನ್ನು ಬಾಗಿಲಲ್ಲಿ ಬರಮಾಡಿಕೊಳ್ಳುವವರು ಮನೆಯವರೇ ಆಗಬೇಕಲ್ಲ. ನೀನು ಬರ್ತೀಯಾ ಅಂತ ಕೇಳುವುದು ಹೇಗೆ ಅಂತ ಊರಿಗೆ ಊರೇ ಯೋಚನೆ ಮಾಡ್ತಾ ಇತ್ತು."

ಸಾಹೇಬರು ಫೋನನ್ನು ಹತ್ತಿರಕ್ಕೆ ಹಿಡಿದು ಆ ತೆರೆದ ಕಿಟಕಿಗಳನ್ನು ನೋಡಿದರು. "ಬರ್ತೇನೆ" ಎಂದರು. ಫೋನು ಕೆಳಗಿಟ್ಟು ಕಣ್ಣೊರೆಸಿಕೊಂಡು, ಅನ್ನ ಬಡಿಸಲು ತಟ್ಟೆಯನ್ನು ನನ್ನ ಕಡೆ ಸರಿಸಿದರು.