ಜೋಡಿನ ಹದಿನೆಂಟು ಚುಕ್ಕಿಗಳು

ಮೊನ್ನೆ ನಮ್ಮ ಲ್ಯಾಬಿನಲ್ಲಿ ಯಾರೋ ಗೋಂದಿನ ಬಾಟಲಿ ತೆರೆದರು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮಾನ್ವಿಯ ಸರ್ ನೆನಪಾದರು…

ಎಂಬತ್ತರ ದಶಕದ ಮಾತು. ಅವರು ಮಾನ್ವಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಅವರ ಹಳೆಯ ವಿದ್ಯಾರ್ಥಿನಿಯಾದ ನಾನು ಎಂಎಸ್ಸಿ ಮುಗಿಸಿ ದೇವದುರ್ಗದ ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ನಲವತ್ತೈದು ದಾಟಿದ ಸರ್‌ಗೆ ಒಂದೇ ಆಸೆ, ಪಿಎಚ್‌ಡಿ ಮಾಡಬೇಕು. ಜೀವಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳೆಂದರೆ ಅವರಿಗೆ ಹುಚ್ಚು.

ಪ್ರೋಟೀನನ್ನು ನೂರಾರು ಅಕ್ಷರಗಳ ಸಾಲಾಗಿ ಬರೆಯುತ್ತಾರೆ. ಕೆಲವು ಅಕ್ಷರಗಳಿಗೆ ನೀರು ಇಷ್ಟ, ಕೆಲವಕ್ಕೆ ಎಣ್ಣೆ. ಪ್ರತಿಯೊಂದಕ್ಕೂ ಒಂದು ಅಂಕ. ಹತ್ತೊಂಬತ್ತು ಅಕ್ಷರಗಳ ಸರಾಸರಿ ತೆಗೆದು ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕಿ ಇಡಬೇಕು, ಒಂದಕ್ಷರ ಮುಂದೆ ಸರಿದು ಮತ್ತೆ ಹತ್ತೊಂಬತ್ತರ ಸರಾಸರಿ. ಚುಕ್ಕಿಗಳು ಗುಡ್ಡದಂತೆ ಏರಿದ ಕಡೆ ಪ್ರೋಟೀನು ಪೊರೆಯನ್ನು ದಾಟುತ್ತದೆ ಎಂದರ್ಥ. ಈಗ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಎಸೆಯುತ್ತದೆ. ನಮಗಿದ್ದದ್ದು ಪೆನ್ಸಿಲು. ಒಂದೇ ಪ್ರೋಟೀನಿನ ಮೊದಲರ್ಧ ಸಾಲು ಅವರು ಮಾನ್ವಿಯಲ್ಲಿ, ಉಳಿದರ್ಧ ನಾನು ದೇವದುರ್ಗದಲ್ಲಿ ಮಾಡಿದೆವು.

ಹೈದರಾಬಾದಿನ ವಿಜ್ಞಾನಿಯೊಬ್ಬರು ರಾಯಚೂರು ಸ್ಟೇಷನ್ನಿನಲ್ಲಿ ಸಿಗುವುದಾಗಿ ಸರ್‌ಗೆ ಬರೆದಿದ್ದರು. ಅವರ ಬಳಿ ಪಿಎಚ್‌ಡಿಗೆ ಒಂದೇ ಸೀಟು ಇತ್ತು; ಅವರಿಗೆ ತೋರಿಸಲೆಂದೇ ಈ ಗ್ರಾಫ್. ನಾವು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಎರಡೂ ಹಾಳೆಗಳನ್ನು ಗೋಂದು ಹಚ್ಚಿ ಜೋಡಿಸಿದೆವು. ಒಟ್ಟು ಆರು ಗುಡ್ಡ. ಜೋಡಿನಲ್ಲಿ ಬೆರಳಗಲ ಖಾಲಿ ಉಳಿಯಿತು. ಸರ್ ಸ್ಕೇಲು ಇಟ್ಟು ಗೆರೆ ಎಳೆದೇಬಿಟ್ಟರು.

"ಸರ್, ಅಲ್ಲಿ ಲೆಕ್ಕಾನೇ ಆಗಿಲ್ರಿ. ನೀವು ನಿಮ್ಮ ಕೊನಿಗೆ ನಿಂತ್ರಿ, ನಾ ನನ್ನ ಮೊದಲಿಂದ ಸುರು ಮಾಡೀನಿ. ಎರಡೂ ಕಡಿ ಅಕ್ಷರ ಕೂಡಿಸಿ ಸರಾಸರಿ ಯಾರೂ ತಗದಿಲ್ಲ."

"ಗಾಡಿ ಬರೂ ಹೊತ್ತಾತು, ಸುಮ್ಕಿರವ್ವಾ" ಎಂದು ಗದರಿದರು. ತಲೆ ಕೆರೆದುಕೊಂಡರು. ಆಮೇಲೆ ಗಟ್ಟಿಯಾಗಿ ನಕ್ಕರು. "ಗುರುವಿಗೇ ತಿರುಮಂತ್ರ! ತಗಿ ಪೆನ್ಸಿಲ್."

ಗೆರೆ ಅಳಿಸಿದೆವು. ಎರಡೂ ಕಡೆಯ ಅಕ್ಷರ ಸೇರುವ ಹತ್ತೊಂಬತ್ತರ ಗುಂಪುಗಳು ಹದಿನೆಂಟು, ಅಂದರೆ ಹದಿನೆಂಟು ಚುಕ್ಕಿ. ನಾನು ಕೂಡುವುದು, ಅವರು ಭಾಗಿಸುವುದು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಇಣುಕಿ, "ಜಾತಕ ಬರಿಯಾಕತ್ತೀರೇನ್ರಿ?" ಎಂದಳು.

"ಹೌದು ಯವ್ವಾ, ನಂದ ಬರಿಯಾಕತ್ತೀವಿ" ಎಂದರು ಸರ್.

ಚುಕ್ಕಿಗಳು ಏರುತ್ತಾ ಹೋಗಿ ಏಳನೆಯ ಗುಡ್ಡ ಎದ್ದಿತು. ನಾವಿಬ್ಬರೂ ಮಕ್ಕಳಂತೆ ಕೂಗಿದ್ದಕ್ಕೆ ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡಿತು.

ಪುಣ್ಯಕ್ಕೆ ಗಾಡಿ ತಡವಾಗಿತ್ತು. ವಿಜ್ಞಾನಿ ಬಂದು ಹಾಳೆ ನೋಡಿ ಮೆಚ್ಚಿದರು, ಅಳಿಸಿದ ಗೆರೆ ಏನೆಂದು ಕೇಳಿದರು. ಸರ್ ಮುಚ್ಚಿಡಬಹುದಿತ್ತು.

"ನಾ ಗೆರಿ ಹೊಡದು ಮುಗಿಸಿದ್ದೆರೀ. ಈಕಿ ತಪ್ಪು ಹಿಡದ್ಲು."

ವಿಜ್ಞಾನಿ ನನ್ನ ಕಡೆ ತಿರುಗಿ ನಾನು ಏನು ಓದಿದ್ದೇನೆಂದು ಕೇಳಿದರು. ಆಮೇಲೆ ಆ ಸೀಟು ನನಗೆ ಕೊಡುವುದಾಗಿ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಬೇಡವೆನ್ನುವ ಮೊದಲೇ ಸರ್, "ಬರ್ತಾಳ್ರಿ, ಯಾಕ ಬರಂಗಿಲ್ಲ?" ಎಂದು ನಕ್ಕರು.

ನಾನು ಹೋದೆ. ಪೊರೆಯ ಪ್ರೋಟೀನುಗಳೇ ನನ್ನ ಬದುಕಾದವು. ಸರ್ ಮಾನ್ವಿಯಲ್ಲೇ ನಿವೃತ್ತರಾದರು. ಅವರ ಪತ್ರಗಳ ತುಂಬಾ ತಮಾಷೆ, ನನ್ನ ಕೆಲಸದ ವಿಚಾರಣೆ… ನಾನೂ ನನ್ನದನ್ನೇ ಪುಟಗಟ್ಟಲೆ ಬರೆಯುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಮನೆಯವರನ್ನು ಮಾತನಾಡಿಸಲು ಹೋದಾಗ ಅವರ ಮಗಳು ಹೇಳಿದಳು: ಆಮೇಲೆ ಅಪ್ಪ ಪಿಎಚ್‌ಡಿಗೆ ಇನ್ನೆರಡು ಸಲ ಅರ್ಜಿ ಹಾಕಿದ್ದರಂತೆ, ಸಿಗಲಿಲ್ಲವಂತೆ, ನನಗೆ ತಿಳಿಸಬಾರದೆಂದು ತಾಕೀತು ಮಾಡಿದ್ದರಂತೆ. ತಿಳಿಸುವುದು ಹಾಗಿರಲಿ, ಅಷ್ಟು ವರ್ಷಗಳಲ್ಲಿ ಅವರ ಪಿಎಚ್‌ಡಿ ಏನಾಯಿತೆಂದು ನಾನು ಒಂದು ಸಲವೂ ಕೇಳಿರಲಿಲ್ಲ.