ಅವ್ವನ ಕಣ್ಣಿನ ಒತ್ತಡ

ಆಗೆಲ್ಲ ಕಮಲಾಪುರದ ನಮ್ಮ ಮನೆಯಲ್ಲಿ ಬೇಸಿಗೆ ಅಂದರೆ ಅಂಗಳದಲ್ಲಿ ಕುಂಟಾಬಿಲ್ಲೆ, ಮಧ್ಯಾಹ್ನ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಒಳಕೋಣೆಯಲ್ಲಿ ಮಾಗುತ್ತಿದ್ದ ಕೆಂಪು ಬಾಳೆಯ ವಾಸನೆ. ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅವ್ವ ಎಲ್ಲದಕ್ಕೂ ಕೈಕಾಲು ತಾಗಿಸಿಕೊಳ್ಳತೊಡಗಿದಳು. ಸೂಜಿಗೆ ದಾರ ಪೋಣಿಸುತ್ತಿದ್ದವಳಿಗೆ ಪಕ್ಕದಲ್ಲೇ ಇದ್ದ ನೀರಿನ ಕೊಡ ಕಾಣುತ್ತಿರಲಿಲ್ಲ.

"ಕಣ್ಣ ಎಲ್ಲಿ ಇಟ್ಟಿದ್ದಿ?" ಎಂದು ಅಪ್ಪನ ತಾಯಿ, ನಮ್ಮ ಅಜ್ಜಿ, ಬೈಯುತ್ತಿದ್ದಳು.

ಕಡೆಗೆ ಅಪ್ಪ ಅವಳನ್ನು ಕಲಬುರಗಿಗೆ ಕರೆದೊಯ್ದ. ನಾನೂ ಹಟ ಮಾಡಿ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಅವ್ವನ ಕಣ್ಣಿಗೆ ಜೋಮು ಹಿಡಿಸುವ ಔಷಧಿ ಬಿಟ್ಟು, ಗದ್ದವನ್ನು ಯಂತ್ರದ ಮೇಲೆ ಇರಿಸಿ, ನೀಲಿ ಬೆಳಕಿನ ಸಣ್ಣ ತುದಿಯನ್ನು ಕಣ್ಣಿಗೆ ತಾಗಿಸಿ ಡಾಕ್ಟರು ನೋಡಿದರು.

"ಒತ್ತಡ ಭಾಳ ಅದ. ದಿನಾ ಈ ಹನಿ ಹಾಕ್ರಿ, ಬಿಡಬ್ಯಾಡ್ರಿ," ಅಂದರು. ಅಪ್ಪ ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು.

ಮನೆಗೆ ಬಂದ ಕೂಡಲೇ ಅಜ್ಜಿ ಕೇಳಿದಳು, "ಏನಂದ್ರು?"

"ಒತ್ತಡ ಅಂತ," ಎಂದ ಅಪ್ಪ.

ಅಜ್ಜಿಯ ಮುಖ ಕಪ್ಪಿಟ್ಟಿತು. "ನಮ್ಮ ಮನ್ಯಾಗ ಆಕಿಗಿ ಯಾರು ಒತ್ತಡ ಕೊಟ್ಟಾರ? ಡಾಕ್ಟರ್ ಮುಂದ ಕುಂತು ಏನೇನ್ ಹೇಳಿ ಬಂದಿ?"

"ನಾ ಏನೂ ಹೇಳಿಲ್ರೀ ಅತ್ತಿ. ಯಂತ್ರ ಹಚ್ಚಿ ನೋಡಿದ್ರು," ಎಂದಳು ಅವ್ವ.

"ಮನಸಿನಾಗಿಂದು ಯಂತ್ರಕ್ಕ ಹೆಂಗ ಕಾಣ್ತದ?"

ಅಪ್ಪನಿಗೂ ಅದೇ ಅನುಮಾನ ಹೊಕ್ಕಿತು. ಹನಿ ಹಾಕಿದಾಗಲೆಲ್ಲ ಅವ್ವನ ಕಣ್ಣು ಉರಿದು ನೀರು ಸುರಿಯುತ್ತಿತ್ತು. ನೋಡಿದವರಿಗೆ ಅತ್ತಂತೆ ಕಾಣುತ್ತಿತ್ತು. ಒಮ್ಮೆ ಬೀಗರ ಎದುರು ಹಾಗಾದಾಗ ಅಪ್ಪ ಸಿಡುಕಿದ: "ಮಂದಿ ಮುಂದ ಮಾನ ಕಳೀತೀಯೇನು?" ಮಾರನೆಯ ದಿನದಿಂದ ಅವ್ವ ಹನಿ ಮುಟ್ಟಲಿಲ್ಲ. "ಬಿಡು, ಹಾಕಿದ್ರೂ ಏನ್ ಛಲೋ ಕಾಣವಲ್ತು," ಎಂದು ನನಗೆ ಹೇಳಿದಳು. ಮನೆ ತಣ್ಣಗಾಯಿತು.

ನಾನು ಕಾಲೇಜು ಸೇರುವ ಹೊತ್ತಿಗೆ ಅವಳಿಗೆ ಹಗಲು ರಾತ್ರಿ ಎರಡೂ ಒಂದೇ ಆಗಿದ್ದವು. ಆಗ ಕಲಬುರಗಿಯ ಬೇರೊಬ್ಬ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು: "ಇದು ಗ್ಲೂಕೋಮಾ ತಂಗೀ. ಕಣ್ಣೊಳಗಿನ ನೀರು ಸರಿಯಾಗಿ ಹೊರಗ ಹೋಗಂಗಿಲ್ಲ. ಅದು ಒತ್ತಿ ಒತ್ತಿ ನರ ಸಾಯ್ತದ. ಹೋದ ದೃಷ್ಟಿ ತಿರುಗಿ ಬರಂಗಿಲ್ಲ, ಉಳಿದದ್ದು ಉಳೀಲಿ ಅಂತ ಹನಿ ಕೊಡೋದು. ಇದು ರಕ್ತದಾಗ ಬರ್ತದ, ನೀನೂ ವರ್ಷಕ್ಕೊಮ್ಮೆ ತೋರಿಸ್ಕೊ."

ಒಂದು ಕಪ್ ಚಹಾ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ ಆ ಮಾತಿಗೆ. ಆ ಬೇಸಿಗೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ. ನಮ್ಮವರೂ ಮತ್ತೆ ಹೋಗಿ ಕೇಳಲಿಲ್ಲ.

ಅಜ್ಜಿ ಈಗಿಲ್ಲ. ಬಂದವರ ಮುಂದೆ ಅಪ್ಪ "ಆಕಿ ಹಣೇಬರಹ" ಅನ್ನುತ್ತಾನೆ. ವರ್ಷಕ್ಕೊಮ್ಮೆ ಕಲಬುರಗಿಯಲ್ಲಿ ನನ್ನ ಕಣ್ಣು ತೋರಿಸಿಕೊಂಡು ಅಲ್ಲಿಂದಲೇ ಕಮಲಾಪುರಕ್ಕೆ ಹೋಗುತ್ತೇನೆ. ಒಳಗೆ ಕಾಲಿಟ್ಟ ಸದ್ದಿಗೆ ಅವ್ವ ಮುಖವೆತ್ತಿ, "ಯಾರ್ರೀ ಬಂದದ್ದು?" ಎಂದು ಕೇಳುತ್ತಾಳೆ. ನಾನು ಬಾಯಿ ಬಿಡುವ ತನಕ ಹೆತ್ತ ಮಗಳಿಗೂ 'ರೀ' ಅನ್ನುತ್ತಾಳೆ.